ಹೆಂಡತಿಯಿಂದ ಹುಟ್ಟಿದ ಗಂಡ

(ಶಿವಮೊಗ್ಗದಲ್ಲಿ ಭಾಷಾಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಬಾಯಿಮಾತಿನಲ್ಲಿ ಚೆದುರಿಹೋಗಿದ್ದ ಸಂಗತಿಗಳನ್ನು ಒಂದು ಕಡೆ ತಂದಿದ್ದೇನೆ. ಆಮೇಲೆ ನಡೆದ ಪ್ರಶ್ನೋತ್ತರದಲ್ಲಿ ಸ್ವಾರಸ್ಯ ಕಂಡಷ್ಟನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪದ ಬಿಡಿಸುವ ಮಾತನ್ನು ಈ ಊರಿನಲ್ಲಿ ಆಡುವುದು ಸುಲಭ. ಯಾಕೆಂದರೆ ಊರಿನ ಹೆಸರನ್ನೇ ಎರಡು ಥರ ಬಿಡಿಸುವವರು ಇಲ್ಲಿದ್ದೀರಿ. ಶಿವನ ಮೊಗವೇ ಶಿವಮೊಗ್ಗ ಅಂತ ಒಂದು ಪಕ್ಷ. ಅಲ್ಲ, ಅದು ಸಿಹಿಮೊಗೆ ಅಂತ ಇನ್ನೊಂದು ಪಕ್ಷ. ದೂರ್ವಾಸರು ಮಣ್ಣಿನ ಮೊಗೆಯಲ್ಲಿ ಗಿಡಮೂಲಿಕೆ ಕುದಿಸಿಟ್ಟಿದ್ದರಂತೆ, ದನ ಕಾಯುವ ಹುಡುಗರು ಕದ್ದು ರುಚಿ ನೋಡಿ ‘ಸಿಹಿ ಮೊಗೆ’ ಅಂದರಂತೆ. 2014ರ ನವೆಂಬರ್ 1ರಂದು ‘ಶಿಮೊಗ’ ಹೋಗಿ ಸರ್ಕಾರಿ ಕಾಗದದಲ್ಲೂ ಶಿವಮೊಗ್ಗ ಬಂದ ಮೇಲೆ, ಫಲಕಗಳ ಮಟ್ಟಿಗಂತೂ ಶಿವನ ಪಕ್ಷದವರು ಗೆದ್ದಿದ್ದಾರೆ. ನಾನು ಪಂಚಾಯಿತಿಗೆ ಬಂದವನಲ್ಲ. ಒಂದೇ ಹೆಸರನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರ ಮೇಲೆ ಮೊಗವೋ ಮೊಗೆಯೋ ಅನ್ನುವುದು ತೀರ್ಮಾನವಾಗುತ್ತದೆ, ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ನಮ್ಮ ಪಂಡಿತರು ಇದಕ್ಕೆ ಪದಚ್ಛೇದ ಅನ್ನುತ್ತಾರೆ. ತಪ್ಪು ಜಾಗದಲ್ಲಿ ಮಾಡಿದ ಪದಚ್ಛೇದದಿಂದ ಹೊಸ ಪದಗಳೇ ಹುಟ್ಟಿಬಿಡುತ್ತವೆ ಅನ್ನುವುದು ನನ್ನ ಇವತ್ತಿನ ವಿಷಯ. ಅದಕ್ಕೆ ಆರಿಸಿಕೊಂಡಿರುವುದು ಎಸ್ಪೆರಾಂತೊ ಭಾಷೆಯ ಒಂದೇ ಒಂದು ಪದ: ‘ಎಡ್ಜೊ’. ಅಂದರೆ ಗಂಡ.

ಎಸ್ಪೆರಾಂತೊ ಬಗ್ಗೆ ಕೇಳದವರಿಗಾಗಿ ಸ್ವಲ್ಪ ಹಿನ್ನೆಲೆ. ಅದು ತಾನಾಗಿ ಬೆಳೆದ ಭಾಷೆಯಲ್ಲ, ಒಬ್ಬ ಮನುಷ್ಯ ಕೂತು ಕಟ್ಟಿದ್ದು. ಆತ ಲುಡ್ವಿಕ್ ಜಾಮೆನ್‌ಹಾಫ್, ಕಣ್ಣಿನ ಡಾಕ್ಟರು. 1859ರಲ್ಲಿ ಬ್ಯಾವಿಸ್ತೊಕ್ ಎಂಬ ಊರಿನ ಯಹೂದಿ ಮನೆತನದಲ್ಲಿ ಹುಟ್ಟಿದವನು. ಆ ಊರು ಆಗ ರಷ್ಯಾ ಚಕ್ರಾಧಿಪತ್ಯದಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಬೀದಿಯಲ್ಲಿ ರಷ್ಯನ್, ಪೋಲಿಷ್, ಜರ್ಮನ್, ಯಹೂದಿಗಳ ಮನೆಮಾತಾದ ಯಿಡ್ಡಿಷ್ ನಾಲ್ಕೂ ಕೇಳಿಸುತ್ತಿದ್ದವು, ನಾಲ್ಕೂ ಮಾತಿನವರು ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುತ್ತಿದ್ದರು. ಎಲ್ಲರಿಗೂ ಸೇರಿದ, ಯಾರೊಬ್ಬರ ಸ್ವತ್ತೂ ಅಲ್ಲದ ಒಂದು ಎರಡನೆಯ ಭಾಷೆ ಇದ್ದರೆ ಜಗಳ ಕಮ್ಮಿಯಾದೀತು ಅನ್ನುವುದು ಹುಡುಗನ ಲೆಕ್ಕಾಚಾರ. 1887ರ ಜುಲೈ 26ರಂದು ವಾರ್ಸಾದಲ್ಲಿ ರಷ್ಯನ್ ಭಾಷೆಯಲ್ಲಿ ಆತನ ಮೊದಲ ಪುಸ್ತಕ ಹೊರಬಂತು. ಅಚ್ಚಿನ ಖರ್ಚು ಕೊಟ್ಟವರು ಆಗಲಿದ್ದ ಮಾವ. ಸರಿಯಾಗಿ ಎರಡು ವಾರಕ್ಕೆ, ಆಗಸ್ಟ್ 9ರಂದು, ಕ್ಲಾರಾ ಜತೆ ಮದುವೆ. ಹಾಗಾಗಿ ಗಂಡ-ಹೆಂಡತಿಗೆ ಏನು ಪದ ಇಡಬೇಕು ಅನ್ನುವುದು ಆತನಿಗೆ ಬರೀ ವ್ಯಾಕರಣದ ಪ್ರಶ್ನೆ ಆಗಿರಲಿಲ್ಲ ಅಂತ ತಮಾಷೆಗೆ ಹೇಳಬಹುದು.

ಭಾಷೆಗೆ ಆತ ಇಟ್ಟ ಹೆಸರು ‘ಅಂತರರಾಷ್ಟ್ರೀಯ ಭಾಷೆ’ ಅಂತ. ಪುಸ್ತಕದ ಮೇಲೆ ತನ್ನ ನಿಜನಾಮ ಹಾಕದೆ ‘ಡಾಕ್ಟರ್ ಎಸ್ಪೆರಾಂತೊ’ ಅಂತ ಹಾಕಿಕೊಂಡ. ‘ಎಸ್ಪೆರ್’ ಅಂದರೆ ಆಶಿಸು, ‘ಅಂತ್’ ಅಂದರೆ ಮಾಡುತ್ತಿರುವ, ‘ಒ’ ನಾಮಪದದ ಗುರುತು. ಒಟ್ಟು, ಆಶಿಸುತ್ತಿರುವವನು. ಜನ ಲೇಖಕನ ಅಂಕಿತವನ್ನೇ ಭಾಷೆಗೆ ಇಟ್ಟುಬಿಟ್ಟರು. ಸಂಸ್ಕೃತ ಓದಿದವರಿಗೆ ಆ ‘ಅಂತ್’ ಅಪರಿಚಿತವಲ್ಲ. ಶತೃ ಪ್ರತ್ಯಯ ಅಂತ ನಾವು ಓದಿದ್ದೇ ಅದರ ದೂರದ ದಾಯಾದಿ.

ಈ ಭಾಷೆಯ ಹೆಮ್ಮೆ ಇರುವುದು ಅದರ ಕ್ರಮದಲ್ಲಿ. ನಾಮಪದಗಳೆಲ್ಲ ‘ಒ’ಕಾರಾಂತ, ಗುಣವಾಚಕಗಳೆಲ್ಲ ‘ಅ’ಕಾರಾಂತ, ಅಪವಾದ ಇಲ್ಲ. ಗಂಡು ಪದಕ್ಕೆ ‘ಇನ್’ ಸೇರಿಸಿದರೆ ಹೆಣ್ಣು ಪದ. ಪಾತ್ರೊ ಅಂದರೆ ತಂದೆ, ಪತ್ರೀನೊ ತಾಯಿ. ಫ್ರಾತೊ ಸೋದರ, ಫ್ರತೀನೊ ಸೋದರಿ. ವೀರೊ ಗಂಡಸು, ವಿರೀನೊ ಹೆಂಗಸು. (ಆ ವೀರೊ ನಮ್ಮ ‘ವೀರ’ನ ನೆಂಟನೇ, ಲ್ಯಾಟಿನ್ ಕಡೆಯಿಂದ ಬಂದವನು.) ಅದೇ ಸಾಲಿನಲ್ಲಿ ಎಡ್ಜೊ ಗಂಡ, ಎಡ್ಜೀನೊ ಹೆಂಡತಿ. ಪುಸ್ತಕ ಹಿಡಿದು ಕಲಿಯುವವನಿಗೆ ಕಾಣುವುದು ಇಷ್ಟೆ: ಮೂಲ ಪದ ಗಂಡ, ಅದರಿಂದ ಹೆಂಡತಿ. ಎಲ್ಲ ಸರಿಯಾಗಿದೆ.

ಆದರೆ ಪಾತ್ರೊ ಎಲ್ಲಿಂದ ಬಂತು ಅಂದರೆ ಲ್ಯಾಟಿನ್ ತೋರಿಸಬಹುದು. ನಾಯಿಗೆ ‘ಹುಂದೊ’ ಜರ್ಮನ್ನಿನಿಂದ, ಹಕ್ಕಿಗೆ ‘ಬಿರ್ದೊ’ ಇಂಗ್ಲಿಷಿನಿಂದ, ‘ಮತ್ತು’ ಅನ್ನುವುದಕ್ಕೆ ‘ಕಾಯ್’ ಗ್ರೀಕಿನಿಂದ, ಪ್ರಶ್ನೆ ಕೇಳುವಾಗ ಮುಂದೆ ಹಾಕುವ ‘ಚು’ ಪೋಲಿಷ್‌ನಿಂದ. ಎಡ್ಜೊ ಎಲ್ಲಿಂದ? ಯುರೋಪಿನ ಯಾವ ಭಾಷೆಯಲ್ಲೂ ಗಂಡನಿಗೆ ಆ ಸದ್ದಿನ ಪದ ಇಲ್ಲ. ಜಾಮೆನ್‌ಹಾಫ್ ಗಾಳಿಯಿಂದ ಪದ ಹಿಡಿಯುವ ಮನುಷ್ಯನೂ ಅಲ್ಲ. ಹಾಗಾದರೆ?

ಪದಮೂಲ ಹುಡುಕುವವರು ಇದಕ್ಕೆ ಎರಡು ದಾರಿ ತೋರಿಸುತ್ತಾರೆ. ಎರಡೂ ಹೆಂಡತಿಯ ಕಡೆಯಿಂದಲೇ ಹೊರಡುತ್ತವೆ.

ಮೊದಲನೆಯದು ಜರ್ಮನ್ ದಾರಿ. ಜರ್ಮನ್‌ನಲ್ಲಿ ರಾಜಕುಮಾರ ‘ಪ್ರಿನ್ಸ್’, ರಾಜಕುಮಾರಿ ‘ಪ್ರಿನ್ಸೆಸಿನ್’. ಯುವರಾಜನ ಹೆಂಡತಿ ‘ಕ್ರೋನ್‌ಪ್ರಿನ್ಸೆಸಿನ್’. ಇದನ್ನು ಎಸ್ಪೆರಾಂತೊ ಮಡಿಯಲ್ಲಿ ಅದ್ದಿದರೆ ‘ಕ್ರೋನ್‌ಪ್ರಿನ್ಸೆಡ್ಜೀನೊ’. ಈಗ ಕತ್ತರಿ ಹಿಡಿಯಿರಿ. ‘ಕ್ರೋನ್’ ಕಿರೀಟ. ‘ಪ್ರಿನ್ಸ್’ ರಾಜಕುಮಾರ. ಉಳಿದದ್ದು ‘ಎಡ್ಜಿನ್’. ಇಡೀ ಪದದ ಅರ್ಥ ಯುವರಾಜನ ಹೆಂಡತಿ ಅಂತಾದ ಮೇಲೆ ಉಳಿದ ತುಂಡಿನ ಅರ್ಥ ಹೆಂಡತಿ ಅಂತಲೇ ಆಗಬೇಕಲ್ಲ! ಸರಿ, ಎಡ್ಜೀನೊ ಅಂದರೆ ಹೆಂಡತಿ. ಅದರಲ್ಲಿ ‘ಇನ್’ ಹೇಗೂ ಸ್ತ್ರೀ ಪ್ರತ್ಯಯ, ಅದನ್ನು ಕಿತ್ತರೆ ಮಿಕ್ಕಿದ್ದು ‘ಎಡ್ಜ್’. ಗಂಡ ಸಿಕ್ಕಿದ.

ಎರಡನೆಯದು ಯಿಡ್ಡಿಷ್ ದಾರಿ. ಯಹೂದಿ ಗುರುವಿನ ಹೆಂಡತಿಗೆ ಯಿಡ್ಡಿಷ್‌ನಲ್ಲಿ ‘ರೆಬೆತ್ಸಿನ್’ ಅನ್ನುತ್ತಾರೆ. ರೆಬೆ ಅಂದರೆ ಗುರು. ಆಕೆಗೆ ಊರಿನಲ್ಲಿ ತನ್ನದೇ ಸ್ಥಾನಮಾನ ಇರುತ್ತಿತ್ತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಹೆಗ್ಗಡೆಯ ಮನೆಯಲ್ಲಿ ಹೆಗ್ಗಡಿತಿಯ ಮಾತಿಗೆ ಎಷ್ಟು ತೂಕ ಇರುತ್ತಿತ್ತು ಅನ್ನುವುದು ನಿಮಗೇ ಗೊತ್ತು. ಜಾಮೆನ್‌ಹಾಫ್ ಯಿಡ್ಡಿಷ್ ಕೇಳುತ್ತಲೇ ಬೆಳೆದವನು, ಯೌವನದಲ್ಲಿ ಆ ಭಾಷೆಗೊಂದು ವ್ಯಾಕರಣವನ್ನೂ ಬರೆದಿದ್ದ. ರೆಬೆತ್ಸಿನ್‌ನಲ್ಲಿ ರೆಬೆ ತೆಗೆದರೆ ಉಳಿಯುವ ‘ತ್ಸಿನ್’ ಆತನ ಕಿವಿಯಲ್ಲಿ ‘ಹೆಂಡತಿ’ ಅಂತ ಮೊಳಗಿದ್ದರೆ ಆಶ್ಚರ್ಯ ಇಲ್ಲ.

ನನ್ನ ಕೇಳಿದರೆ ಎರಡನ್ನೂ ಜಗಳಕ್ಕೆ ಬಿಡಬೇಕಾದ್ದೇ ಇಲ್ಲ. ನಾಲ್ಕು ಭಾಷೆ ಒಟ್ಟಿಗೆ ಕೇಳುತ್ತಿದ್ದ ಮನುಷ್ಯನ ತಲೆಯಲ್ಲಿ ರಾಜಕುಮಾರಿಯೂ ಗುರುಪತ್ನಿಯೂ ಪಕ್ಕಪಕ್ಕದಲ್ಲೇ ಕೂತಿದ್ದಾರು. ನನಗೆ ಸ್ವಾರಸ್ಯ ಕಾಣುವುದು ಬೇರೆ ಕಡೆ. ‘ಪ್ರಿನ್ಸೆಸಿನ್’ ಪದದಲ್ಲಿ ನಿಜವಾಗಿ ಇರುವುದೇನು? ಫ್ರೆಂಚರು ‘ಪ್ರಿನ್ಸ್’ಗೆ ತಮ್ಮ ಸ್ತ್ರೀ ಪ್ರತ್ಯಯ ‘ಎಸ್’ ಸೇರಿಸಿ ‘ಪ್ರಿನ್ಸೆಸ್’ ಮಾಡಿದ್ದರು. ಜರ್ಮನ್ನರು ಅದನ್ನು ತಂದುಕೊಂಡು, ಅದು ಆಗಲೇ ಹೆಣ್ಣು ಅನ್ನುವುದನ್ನು ಲೆಕ್ಕಿಸದೆ, ತಮ್ಮ ‘ಇನ್’ ಅನ್ನೂ ಅಂಟಿಸಿದರು. ಒಂದು ಪದಕ್ಕೆ ಎರಡು ಸೀರೆ ಉಡಿಸಿದ ಹಾಗಾಯಿತು. ಜಾಮೆನ್‌ಹಾಫ್ ಹೊರಗಿನ ಸೀರೆ ಬಿಚ್ಚಿ ಒಳಗಿರುವುದು ಗಂಡಸು ಅಂದುಕೊಂಡ. ಒಳಗಿದ್ದದ್ದೂ ಸೀರೆಯೇ. ಯಿಡ್ಡಿಷ್ ಪದದ್ದೂ ಇದೇ ಕಥೆ. ಅದರಲ್ಲಿ ಸ್ಲಾವಿಕ್ ಕಡೆಯ ಒಂದು ಸ್ತ್ರೀ ಪ್ರತ್ಯಯ, ಅದರ ಮೇಲೆ ಜರ್ಮನ್ ಕಡೆಯ ಇನ್ನೊಂದು ಅಂತ ಬಲ್ಲವರು ಬಿಡಿಸುತ್ತಾರೆ. ಯಾವ ದಾರಿಯಲ್ಲಿ ಹೋದರೂ ತಲುಪುವ ಜಾಗ ಒಂದೇ: ಎಸ್ಪೆರಾಂತೊದಲ್ಲಿ ‘ಗಂಡ’ ಅನ್ನುವ ಪದ ಮೂಲದಲ್ಲಿ ಒಂದು ಸ್ತ್ರೀ ಪ್ರತ್ಯಯ.

ಇದನ್ನೇ ಕನ್ನಡದಲ್ಲಿ ಮಾಡಿ ನೋಡೋಣ. ಗಾಣಿಗ, ಗಾಣಗಿತ್ತಿ. ಅಗಸ, ಅಗಸಗಿತ್ತಿ. ಕನ್ನಡ ಗೊತ್ತಿಲ್ಲದ ಒಬ್ಬ ವ್ಯಾಕರಣಕಾರ ಬಂದ ಅಂತಿಟ್ಟುಕೊಳ್ಳಿ. ಅಗಸಗಿತ್ತಿ ಅಂದರೆ ಏನು ಅಂತ ಕೇಳುತ್ತಾನೆ. ಅಗಸನ ಹೆಂಡತಿ ಅನ್ನುತ್ತೀರಿ. ಅಗಸ ತೆಗೆದರೆ ಗಿತ್ತಿ ಉಳಿಯಿತು, ಗಿತ್ತಿ ಅಂದರೆ ಹೆಂಡತಿ ಅಂತ ಬರೆದುಕೊಳ್ಳುತ್ತಾನೆ. ಹುಡುಗ-ಹುಡುಗಿ, ಮುದುಕ-ಮುದುಕಿ ನೋಡಿದ್ದಾನೆ, ಇಕಾರ ಹೆಣ್ಣಿಗೆ, ಅಕಾರ ಗಂಡಿಗೆ ಅನ್ನುವ ಸೂತ್ರ ಅವನ ಕೈಯಲ್ಲಿದೆ. ಹಾಗಾಗಿ ‘ಗಿತ್ತ’ ಅಂದರೆ ಗಂಡ! ‘ಇವರು ನಮ್ಮ ಗಿತ್ತ’ ಅಂತ ನಾಳೆ ಯಾರಾದರೂ ಪರಿಚಯಿಸಿದರೆ ನೀವು ನಗುತ್ತೀರಿ. ಎಸ್ಪೆರಾಂತೊದವರು ನೂರಮೂವತ್ತಕ್ಕೂ ಹೆಚ್ಚು ವರ್ಷದಿಂದ ಹಾಗೆಯೇ ಪರಿಚಯಿಸಿಕೊಳ್ಳುತ್ತಿದ್ದಾರೆ, ಯಾರೂ ನಗುವುದಿಲ್ಲ. ಬಳಕೆಗೆ ಬಿದ್ದ ಪದ ತನ್ನ ಹುಟ್ಟಿನ ದಾಖಲೆ ತೋರಿಸಬೇಕಾಗಿಲ್ಲ.

ಕನ್ನಡದಲ್ಲಿ ಗಿತ್ತಿಗೆ ಎರಡು ಅರ್ಥ ಉಂಟು ಅನ್ನುವುದನ್ನೂ ಗಮನಿಸಿ. ಹೂವಾಡಗಿತ್ತಿ ತಾನೇ ಹೂ ಮಾರುವವಳು. ಗೌಡತಿ ಸಾಮಾನ್ಯವಾಗಿ ಗೌಡನ ಹೆಂಡತಿ. ಸೂಲಗಿತ್ತಿಗಂತೂ ಗಂಡು ರೂಪವೇ ಇಲ್ಲ, ಸೂಲಗ ಅಂತ ಯಾರನ್ನೂ ಕರೆದವರಿಲ್ಲ. ಕೆಲಸ ಮಾಡುವವಳು ಬೇರೆ, ಕೆಲಸ ಮಾಡುವವನ ಹೆಂಡತಿ ಬೇರೆ ಅನ್ನುವ ಭೇದವನ್ನು ನಾವು ಸಂದರ್ಭಕ್ಕೆ ಬಿಟ್ಟಿದ್ದೇವೆ. ಜಾಮೆನ್‌ಹಾಫ್‌ಗೆ ಹಾಗೆ ಬಿಡಲು ಮನಸ್ಸಿರಲಿಲ್ಲ. ಆತನ ಅಭ್ಯಾಸದ ಪಾಠಗಳಲ್ಲಿ ಒಂದು ಕಡೆ ಇದನ್ನೇ ತಿದ್ದಿಸುತ್ತಾನೆ. ಚಿಕಿತ್ಸೆ ಕೊಡುವ ಹೆಂಗಸು ‘ಕುರತ್ಸಿಸ್ತೀನೊ’. ವೈದ್ಯನ ಹೆಂಡತಿ ‘ಕುರತ್ಸಿಸ್ತೆಡ್ಜೀನೊ’. ಆಮೇಲೆ ಬರುವ ವಾಕ್ಯ ನನಗೆ ಬಲು ಇಷ್ಟ: ಅವನು ‘ಲವಿಸ್ತೊ’ ಅಲ್ಲ, ‘ಲವಿಸ್ತಿನೆಡ್ಜೊ’. ಅಂದರೆ, ಅವನು ಬಟ್ಟೆ ಒಗೆಯುವವನಲ್ಲ, ಬಟ್ಟೆ ಒಗೆಯುವವಳ ಗಂಡ. ಹೆಂಡತಿಯ ಕೆಲಸದಿಂದ ಗುರುತಿಸಿಕೊಳ್ಳುವ ಗಂಡನಿಗೆ ಒಂದೇ ಪದ! ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟು ಭಾಷೆಗಳಿಗೆ ಇಂಥ ಪದ ಬೇಕು ಅನ್ನಿಸಿತ್ತೋ. ನಮ್ಮ ಕಡೆ ಇವತ್ತಿಗೂ ‘ಟೀಚರಮ್ಮನ ಯಜಮಾನ್ರು’ ಅಂತ ಸುತ್ತಿ ಬಳಸಿಯೇ ಹೇಳಬೇಕು.

ಎಡ್ಜೊ ಒಬ್ಬನೇ ಹೀಗೆ ಹುಟ್ಟಿದವನಲ್ಲ, ಅವನಿಗೊಬ್ಬ ತಮ್ಮ ಇದ್ದಾನೆ. ‘ಫ್ರಾವ್ಲೊ’ ಅಂದರೆ ಮದುವೆಯಾಗದ ಗಂಡಸು. ಜರ್ಮನ್‌ನಲ್ಲಿ ಮದುವೆಯಾಗದ ಹೆಣ್ಣಿಗೆ ‘ಫ್ರಾಯ್‌ಲೈನ್’ ಅನ್ನುತ್ತಿದ್ದರು. ‘ಫ್ರಾವ್’ ಹೆಂಗಸು, ‘ಲೈನ್’ ಚಿಕ್ಕದು ಅನ್ನುವ ಪ್ರತ್ಯಯ. ಇದು ಎಸ್ಪೆರಾಂತೊಗೆ ಬಂದು ‘ಫ್ರಾವ್ಲೀನೊ’ ಆಯಿತು. ಕೊನೆಯಲ್ಲಿ ‘ಇನ್’ ಇದ್ದ ಹಾಗೆ ಕಾಣುತ್ತದಲ್ಲ, ಕಿತ್ತರು. ‘ಲ’ಕಾರ ಈ ಕಡೆ ಉಳಿಯಿತು, ಬ್ರಹ್ಮಚಾರಿ ಹುಟ್ಟಿದ. ಇಲ್ಲಿ ಇನ್ನೊಂದು ತಿರುವಿದೆ. ಹಳೆಯ ಜರ್ಮನ್‌ನಲ್ಲಿ ‘ಫ್ರೋ’ ಅಂದರೆ ಒಡೆಯ, ಅದರ ಹೆಣ್ಣು ರೂಪವೇ ‘ಫ್ರಾವ್’, ಒಡತಿ. ಕಾಲಾಂತರದಲ್ಲಿ ಒಡೆಯ ಸತ್ತುಹೋದ, ಒಡತಿ ಉಳಿದಳು. ಎಷ್ಟೋ ಶತಮಾನದ ಮೇಲೆ ಪೋಲೆಂಡಿನ ಕಣ್ಣಿನ ಡಾಕ್ಟರೊಬ್ಬ, ಗೊತ್ತಿಲ್ಲದೆಯೇ, ಅವಳ ಮಗಳ ಹೆಸರಿನಿಂದ ಮತ್ತೊಂದು ಗಂಡು ಪದ ತೆಗೆದ.

ಇಷ್ಟು ಕೇಳಿದ ಮೇಲೆ, ಕಟ್ಟಿದ ಭಾಷೆ ತಾನೆ, ಇಂಥ ಎಡವಟ್ಟು ಅದರಲ್ಲೇ ಆಗುವುದು ಅನ್ನಿಸಬಹುದು. ಹಾಗಾದರೆ ದೇವಭಾಷೆಗೆ ಬನ್ನಿ.

‘ವಿಧವೆ’ ಪದ ಋಗ್ವೇದದಲ್ಲೇ ಇದೆ. ಲ್ಯಾಟಿನ್ನಿನ ‘ವಿದುಆ’, ರಷ್ಯನ್ನಿನ ‘ವ್ದವಾ’, ಜರ್ಮನ್ನಿನ ‘ವಿಟ್ವೆ’, ಇಂಗ್ಲಿಷಿನ ‘ವಿಡೋ’ ಎಲ್ಲ ಅದರ ಒಡಹುಟ್ಟು. ಬೇರ್ಪಡು, ಇಲ್ಲವಾಗು ಅನ್ನುವ ಅರ್ಥದ ಹಳೆಯ ಧಾತುವಿನಿಂದ ಬಂದ ಪದ. ಅದರ ಮೊದಲಿನ ‘ವಿ’ ಉಪಸರ್ಗ ಅಲ್ಲ, ಧಾತುವಿನದೇ ಭಾಗ. ಆದರೆ ಕಿವಿಗೆ ಅದು ಉಪಸರ್ಗದ ಹಾಗೇ ಕೇಳುತ್ತದೆ. ವಿಫಲ, ವಿಮುಖ, ವಿಧವಾ. ವಿ ಅಂದರೆ ಇಲ್ಲದ. ಹಾಗಾದರೆ ‘ಧವ’ ಅಂದರೆ? ವಿಧವೆಗೆ ಯಾರು ಇಲ್ಲವೋ ಅವನು. ಗಂಡ!

ವೇದದ ಪದಗಳ ಮೂಲ ಬಿಡಿಸುವ ಹಳೆಯ ಗ್ರಂಥ, ಯಾಸ್ಕರ ನಿರುಕ್ತದಲ್ಲಿ ಈ ಕತ್ತರಿ ಕೆಲಸ ನಡೆಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ವಿಧವಾ ಪದಕ್ಕೆ ಅವರು ಒಂದಲ್ಲ, ನಾಲ್ಕು ನಿರ್ವಚನ ಕೊಡುತ್ತಾರೆ. ಪೋಷಿಸುವವನು ಇಲ್ಲದವಳು ಅನ್ನುವುದು ಒಂದು. ನಡುಗುವುದರಿಂದ ಅನ್ನುವುದು ಒಂದು. ಅತ್ತಿತ್ತ ಓಡಾಡುವುದರಿಂದ ಅಂತ ಚರ್ಮಶಿರಸ್ ಎಂಬ ಆಚಾರ್ಯರ ಮತ. ಕೊನೆಗೆ, ‘ಅಥವಾ ಧವ ಅನ್ನುವುದು ಮನುಷ್ಯನ ಹೆಸರು, ಅವನ ವಿಯೋಗದಿಂದ ವಿಧವಾ’ ಅಂತ. ನಾಲ್ಕರಲ್ಲಿ ಕಟ್ಟಕಡೆಗೆ ಬಂದದ್ದೇ ಗೆದ್ದಿತು. ಅಮರಕೋಶದ ಹೊತ್ತಿಗೆ ‘ಧವಃ ಪ್ರಿಯಃ ಪತಿರ್ಭರ್ತಾ’ ಅಂತ ಗಂಡನ ಪರ್ಯಾಯಪದಗಳಲ್ಲಿ ಧವನಿಗೇ ಮೊದಲ ಮಣೆ. ನಾವು ಉಮಾಧವ ಅನ್ನುತ್ತೇವೆ, ರಮಾಧವ ಅನ್ನುತ್ತೇವೆ. ಮಾಧವ ಮೂಲದಲ್ಲಿ ಮಧುವಿಗೆ ಸಂಬಂಧಿಸಿದ ಪದ. ವಸಂತದ ಎರಡು ತಿಂಗಳಿಗೆ ಮಧು, ಮಾಧವ ಅಂತಲೇ ಹಳೆಯ ಹೆಸರು. ಧವ ಅನ್ನುವ ಪದ ಕೈಗೆ ಸಿಕ್ಕಿದ್ದೇ ಅದನ್ನೂ ‘ಮಾ’ ಅಂದರೆ ಲಕ್ಷ್ಮಿ, ‘ಧವ’ ಅಂದರೆ ಗಂಡ ಅಂತ ಬಿಡಿಸಿದರು. ಶುಭವಾಗಲಿ ಅಂತ ಮಗುವಿಗೆ ಇಡುವ ಹೆಸರಿನ ಅರ್ಥದಲ್ಲಿ ಕೂತಿರುವ ಆ ಗಂಡ, ವಿಧವೆ ಅನ್ನುವ ಪದವನ್ನು ಮುರಿದು ಮಾಡಿದವನು. ಮಡಿವಂತರಿಗೆ ಇದನ್ನು ಮೆಲ್ಲಗೆ ಹೇಳಬೇಕು!

ಧವನಿಗೂ ಜತೆಗಾರರಿದ್ದಾರೆ. ‘ಅಸುರ’ ಋಗ್ವೇದದ ಹಳೆಯ ಸೂಕ್ತಗಳಲ್ಲಿ ವರುಣನಂಥ ದೇವರಿಗೂ ಸಲ್ಲುವ ಗೌರವದ ಮಾತು, ಇರಾನಿನವರ ‘ಅಹುರ’ ಅದೇ. ಆಮೇಲೆ ಅದಕ್ಕೆ ಕೆಟ್ಟ ಅರ್ಥ ಹತ್ತಿತು. ಕೆಟ್ಟ ಅರ್ಥ ಹತ್ತಿದ ಮೇಲೆ ಮುಂದಿನ ಅಕಾರ ‘ಅಲ್ಲ’ ಅನ್ನುವ ಅಕಾರದಂತೆ ಕೇಳಿಸಿತು. ಅಧರ್ಮದಲ್ಲಿ ಧರ್ಮ ಇರುವಂತೆ ಅಸುರದಲ್ಲಿ ಸುರ ಇರಬೇಕಲ್ಲ? ಹಾಗೆ ಸುರರು ಹುಟ್ಟಿದರು, ಸುರಪತಿ ಬಂದ, ಸುರನದಿ ಹರಿಯಿತು. ಕಪ್ಪು ಅನ್ನುವ ‘ಅಸಿತ’ದಿಂದ ಬಿಳಿ ಅನ್ನುವ ‘ಸಿತ’ ಬಂದದ್ದೂ ಹೀಗೆಯೇ. ರಾಕ್ಷಸರಿಂದ ದೇವತೆಗಳು, ಕಪ್ಪಿನಿಂದ ಬಿಳುಪು, ವಿಧವೆಯಿಂದ ಗಂಡ. ಇಷ್ಟೆಲ್ಲ ಆಗಿರುವುದು ಪಾಣಿನಿಯಂಥ ವ್ಯಾಕರಣಕಾರ ಕಾವಲು ಕಾಯುತ್ತಿದ್ದ ಭಾಷೆಯಲ್ಲಿ.

ಈಗ ಎಸ್ಪೆರಾಂತೊದಲ್ಲಿ ವಿಧವೆಗೆ ಏನನ್ನುತ್ತಾರೆ ನೋಡಿ. ‘ವಿದ್ವೀನೊ’. ಹೆಂಡತಿ ಸತ್ತವನು ‘ವಿದ್ವೊ’. ನಮ್ಮ ವಿಧವೆಯ ಲ್ಯಾಟಿನ್ ತಂಗಿಯಿಂದಲೇ ತೆಗೆದದ್ದು. ಯುರೋಪಿನ ಭಾಷೆಗಳಲ್ಲಿ ಇದು ಮೂಲತಃ ಹೆಣ್ಣಿನ ಪದ, ಗಂಡು ರೂಪವನ್ನು ಅದರಿಂದ ಆಮೇಲೆ ಮಾಡಿಕೊಂಡದ್ದು. ಜಾಮೆನ್‌ಹಾಫ್‌ನ ಸೂತ್ರ ಅದನ್ನು ತಲೆಕೆಳಗು ಮಾಡಿ, ಗಂಡು ಪದವನ್ನು ಮೂಲದಲ್ಲಿ ಕೂರಿಸಿ, ವಿಧವೆಯನ್ನು ಅವನಿಂದ ಹುಟ್ಟಿಸಿತು. ಒಂದೇ ಪದದಿಂದ ನಮ್ಮವರು ಸತ್ತ ಗಂಡನನ್ನು ಎಬ್ಬಿಸಿದರು, ಅವರು ಬದುಕುಳಿದ ಗಂಡನನ್ನು ಮಾಡಿದರು. ನಾವು ಕನ್ನಡದಲ್ಲಿ ಅವನಿಗೆ ವಿಧುರ ಅನ್ನುತ್ತೇವೆ, ಅಪರೂಪಕ್ಕೆ.

ದೂರದ ಉದಾಹರಣೆ ಸಾಕು ಅನ್ನುವವರಿಗೆ, ನೀವು ಇಲ್ಲಿಗೆ ಬಂದ ಬಸ್ಸು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ‘ಆಮ್ನಿಬಸ್’ ಅಂತ ಹೆಸರು ಬಂತು. ಲ್ಯಾಟಿನ್ನಿನಲ್ಲಿ ‘ಎಲ್ಲರಿಗೆ’ ಅಂತ ಅರ್ಥ. ‘ಆಮ್ನ್’ ಅನ್ನುವುದು ಎಲ್ಲ, ‘ಇಬಸ್’ ಅನ್ನುವುದು ಚತುರ್ಥಿ ಬಹುವಚನದ ವಿಭಕ್ತಿ. ಜನ ಬಾಲ ಹಿಡಿದುಕೊಂಡು ತಲೆ ಬಿಟ್ಟರು. ತೀರ್ಥಹಳ್ಳಿ ಬಸ್ ಬಂತಾ ಅಂತ ನಾವು ಕೇಳುವುದು, ಪದಮೂಲದ ಲೆಕ್ಕದಲ್ಲಿ, ‘ತೀರ್ಥಹಳ್ಳಿ ರಿಗೆ ಬಂತಾ’ ಅಂತ ಕೇಳಿದ ಹಾಗೆ. ಎಸ್ಪೆರಾಂತೊದವರೂ ‘ಬೂಸೊ’ ಅನ್ನುತ್ತಾರೆ, ವಿಭಕ್ತಿಗೆ ನಾಮಪದದ ಓಕಾರ ಹಚ್ಚಿ.

ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಆಮೇಲಿನದು ಪ್ರಶ್ನೋತ್ತರ.

ಕಾಲೇಜಿನ ಹುಡುಗಿಯೊಬ್ಬಳು ಎದ್ದು, “ಸರ್, ಎಲ್ಲಕ್ಕೂ ತಂದೆಯೇ ಮೂಲ, ತಾಯಿ ಅವನಿಂದ ಹುಟ್ಟುವುದು ಅಂದರೆ ಎಂಥ ಎಲ್ಲರ ಭಾಷೆ ಅದು?” ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಎಸ್ಪೆರಾಂತೊ ಆಡುವವರೇ ಈ ತಕರಾರನ್ನು ಬಹಳ ಹಿಂದಿನಿಂದ ಎತ್ತಿದ್ದಾರೆ. ಗಂಡಿಗೂ ‘ಇಚ್’ ಅಂತ ಬೇರೆ ಪ್ರತ್ಯಯ ಇರಲಿ, ಮೂಲ ಪದ ಇಬ್ಬರಿಗೂ ಸಮಾನವಾಗಿರಲಿ ಅನ್ನುವ ಒಂದು ಸಲಹೆ ಚಾಲ್ತಿಯಲ್ಲಿದೆ, ಒಪ್ಪುವವರೂ ಒಪ್ಪದವರೂ ಇದ್ದಾರೆ. ವೃತ್ತಿಯ ಪದಗಳಲ್ಲಂತೂ, ಶಿಕ್ಷಕ ಅನ್ನುವ ‘ಇನ್‌ಸ್ತ್ರುಇಸ್ತೊ’ವನ್ನು ಇಬ್ಬರಿಗೂ ಬಳಸುವುದು ಈಗ ಸಾಮಾನ್ಯ. ತಂದೆ-ತಾಯಿ, ಅಣ್ಣ-ಅಕ್ಕ, ತಮ್ಮ-ತಂಗಿ ಅಂತ ಬೇರೆಬೇರೆ ಬೇರಿನ ಪದ ಇರುವ ನಮ್ಮ ಕನ್ನಡದ್ದು ಈ ವಿಷಯದಲ್ಲಿ ಹೆಚ್ಚು ಘನತೆಯ ಏರ್ಪಾಡು ಅಂತಲೇ ನನ್ನ ಅಭಿಪ್ರಾಯ. ಹಾಗಂತ ಬೀಗಬೇಕಾಗಿಲ್ಲ. ಹುಡುಗನಿಂದ ಹುಡುಗಿಯನ್ನು ನಾವೂ ಮಾಡಿದ್ದೇವೆ.

ಹಿಂದಿನ ಸಾಲಿನ ಹಿರಿಯರೊಬ್ಬರು, “ಷಡ್ಡಕನಿಗೆ ಅದರಲ್ಲಿ ಏನಂತಾರ್ರೀ?” ಅಂದರು. ಸಭೆ ನಕ್ಕ ಮೇಲೆ ಹೇಳಿದೆ: ‘ಬೋಫ್ರಾತೊ’. ಭಾವನಿಗೂ ಅದೇ, ಮೈದುನನಿಗೂ ಅದೇ, ಷಡ್ಡಕನಿಗೂ ಎಳೆದು ತಂದರೆ ಅದೇ. ಮದುವೆಯಿಂದ ಬಂದ ನೆಂಟಸ್ತಿಕೆಗೆಲ್ಲ ‘ಬೋ’ ಅನ್ನುವ ಒಂದೇ ಮುನ್ನುಡಿ, ಫ್ರೆಂಚರ ‘ಚೆಂದದ’ ಅನ್ನುವ ಪದದಿಂದ ತೆಗೆದದ್ದು. ಚೆಂದದ ಅಣ್ಣ, ಚೆಂದದ ಅತ್ತೆ. “ಎಲ್ಲ ಅತ್ತೇರೂ ಚೆಂದ್ವೇ ಆ ಭಾಷೇಲಿ?” ಅಂತ ಅವರ ಪಕ್ಕದಲ್ಲಿದ್ದವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಇನ್ನೊಬ್ಬರು ತೋಟದವರು. ಅಡಿಕೆಗೆ ಪದ ಇದೆಯೋ ಇಲ್ಲವೋ, ಅಷ್ಟು ಹೇಳಿ ಅಂದರು. ಇದೆ: ‘ಅರೇಕೊ’. ಇದು ತಪ್ಪು ಕತ್ತರಿಯ ಕಥೆಯಲ್ಲ, ತಪ್ಪು ಕಿವಿಯ ಕಥೆ. ತಮಿಳಿನ ಅಡೈಕ್ಕಾಯ್, ಮಲಯಾಳದ ಅಡಯ್ಕ, ನಮ್ಮ ಅಡಕೆ-ಅಡಿಕೆ ಒಂದೇ ಮನೆಯವು. ಕರಾವಳಿಗೆ ಬಂದ ಪೋರ್ಚುಗೀಸರ ನಾಲಿಗೆಗೆ ಡಕಾರ ಹೊರಳದೆ ರಕಾರವಾಗಿ ‘ಅರೆಕ’ ಆಯಿತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಗಾರ್ಸಿಯ ದ ಓರ್ತ ಎಂಬ ವೈದ್ಯ ಆ ಹೆಸರನ್ನು ಬರೆದಿಟ್ಟಿದ್ದಾನೆ. ಅಲ್ಲಿಂದ ಯುರೋಪಿಗೆಲ್ಲ ಹರಡಿ, 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಮರಕ್ಕೆ ‘ಅರೆಕ ಕಟೆಚು’ ಅಂತ ಹೆಸರಿಟ್ಟ. ಆ ಕಟೆಚು ಬೇರೆ ಏನಲ್ಲ, ಎಲೆಗೆ ಹಚ್ಚುವ ಕಾಚಿನ ಕುಲದ್ದೇ. ಕಾಚು ಬರುವುದು ಬೇರೆ ಮರದಿಂದ, ಆದರೂ ಹೆಸರು ಅಡಿಕೆಯ ಹಿಂದೆ ಅಂಟಿಕೊಂಡಿತು. ಸಸ್ಯಶಾಸ್ತ್ರದ ಲ್ಯಾಟಿನ್ ಅಂತ ನಾವು ಭಯಭಕ್ತಿಯಿಂದ ಓದುವುದು ತಾಂಬೂಲದ ತಟ್ಟೆಯಲ್ಲಿರುವ ಎರಡು ಸಾಮಾನಿನ ಹೆಸರು.

ಅವರಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ತೋಟಕ್ಕೆ ಏನು, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಏನು ಅಂತ ಮುಂದುವರಿಸಿದರು. ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ, ನಿಯಮ ಹಿಡಿದು ನಾವೇ ಕಟ್ಟಿಕೊಳ್ಳಬಹುದು. ಜಾಗಕ್ಕೆ ‘ಏಯ್’ ಪ್ರತ್ಯಯ, ಹಾಗಾಗಿ ತೋಟ ‘ಅರೆಕೇಯೊ’. ಕಸುಬಿನವನಿಗೆ ‘ಇಸ್ತ್’, ಹಾಗಾಗಿ ಕೊನೆಗೌಡ ‘ಅರೆಕಿಸ್ತೊ’, ಅವನ ಹೆಂಡತಿ ‘ಅರೆಕಿಸ್ತೆಡ್ಜೀನೊ’. ಮರ ಹತ್ತುವ ಯಂತ್ರ ಬಂದ ಮೇಲೆ ಹೆಂಗಸರೂ ಹತ್ತುತ್ತಾರಲ್ಲ ಅಂತ ಪ್ರಶ್ನೆ ಕೇಳಿದ ಹುಡುಗಿ ನೆನಪಿಸಿದಳು. ಹೌದು, ಅವಳು ‘ಅರೆಕಿಸ್ತೀನೊ’. ಕೆಳಗೆ ನಿಂತು ಕೊನೆ ಹಿಡಿಯುವ ಅವಳ ಗಂಡ ‘ಅರೆಕಿಸ್ತಿನೆಡ್ಜೊ’. ತೋಟದವರು ಅದನ್ನು ಚೀಟಿಯಲ್ಲಿ ಬರೆಸಿಕೊಂಡರು.